ಅರವತ್ತು–ನಲವತ್ತರ ಜಗಳ: ನ್ಯೂ ಹೇವನ್ ಅಗ್ನಿಶಾಮಕ ದಳದ ಪರೀಕ್ಷೆ

"ಅಮೆರಿಕದಲ್ಲೂ ಸರ್ಕಾರಿ ಕೆಲಸಕ್ಕೆ ನಮ್ಮ ಹಾಗೆ ರಿಸರ್ವೇಷನ್ ಇದೆಯಂತಲ್ಲ?" ಊರಿಗೆ ಫೋನ್ ಮಾಡಿದಾಗ ಹೀಗೆ ಕೇಳುವವರು ಜಾಸ್ತಿ. ನಮ್ಮ ಹಾಗೆ ಇಲ್ಲ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದ ಕಾಲದಿಂದ ನಮಗೆ ಈ ಲೆಕ್ಕಾಚಾರ ರೂಢಿ. ಇಲ್ಲಿ ಅಮೆರಿಕದಲ್ಲಿ ಇಂಥವರಿಗೆ ಇಷ್ಟು ಹುದ್ದೆ ಅಂತ ಎತ್ತಿಡುವ ದೇಶವ್ಯಾಪಿ ಪದ್ಧತಿ ಇಲ್ಲ. ಹಿಂದೆ ಕೆಲವು ನಗರಗಳಲ್ಲಿ ಕೋರ್ಟುಗಳೇ ಅಂಥ ಆದೇಶ ಮಾಡಿದ್ದುಂಟು, ಅಷ್ಟೇ. 1991ರ ನಾಗರಿಕ ಹಕ್ಕುಗಳ ಕಾನೂನಂತೂ ಬಣ್ಣ ನೋಡಿ ಅಂಕ ಹೆಚ್ಚಿಸಬಾರದು, ಪಾಸ್ ಮಾರ್ಕು ಇಳಿಸಬಾರದು ಅಂತ ನೇರವಾಗಿ ಹೇಳುತ್ತದೆ.

ಹಾಗಾದರೆ ಇಲ್ಲಿ ಜಗಳ ಯಾತಕ್ಕೆ? ಪರೀಕ್ಷೆಗೆ. ಪರೀಕ್ಷೆ ಏನನ್ನು ಅಳೆಯುತ್ತದೆ, ಯಾರು ಅದನ್ನು ತಯಾರಿಸಿದರು ಅನ್ನುವುದಕ್ಕೆ.

ನಾನಿರುವುದು ಕನೆಕ್ಟಿಕಟ್ ರಾಜ್ಯದಲ್ಲಿ, ನ್ಯೂ ಹೇವನ್ ಪಕ್ಕದ ಊರಿನಲ್ಲಿ. ಯೇಲ್ ವಿಶ್ವವಿದ್ಯಾಲಯದಿಂದಾಗಿ ಆ ಹೆಸರು ನೀವು ಕೇಳಿರುತ್ತೀರಿ. ಇಲ್ಲಿನ ವಕೀಲರಿಗೆ ಅದೇ ಊರು ಇನ್ನೊಂದು ಕಾರಣಕ್ಕೂ ಗೊತ್ತು: ಅಗ್ನಿಶಾಮಕ ದಳದ ಬಡ್ತಿ ಪರೀಕ್ಷೆ, ಅದರಿಂದ ಹುಟ್ಟಿದ ರಿಚಿ ಮೊಕದ್ದಮೆ.

ಇಲ್ಲಿ ಫೈರ್ ಡಿಪಾರ್ಟ್‌ಮೆಂಟಿನ ಕೆಲಸ ಅಂದರೆ ಪಿಂಚಣಿ, ಮನೆಮಂದಿಗೆಲ್ಲ ವಿಮೆ, ಊರಲ್ಲಿ ಮರ್ಯಾದೆ. ಅಪ್ಪ ಇದ್ದ ಠಾಣೆಗೆ ಮಗ ಸೇರುವುದು ಸಾಮಾನ್ಯ. ಅಕ್ಟೋಬರಿನಲ್ಲಿ ನಮ್ಮೂರಿನ ಠಾಣೆ ಬಾಗಿಲು ತೆರೆದು ಮಕ್ಕಳನ್ನು ಲಾರಿ ಹತ್ತಿಸುತ್ತಾರೆ. ಗೋಡೆ ಮೇಲೆ ಹಳೆಯ ತಂಡಗಳ ಫೋಟೋಗಳಿವೆ. ಅವುಗಳ ಕೆಳಗೆ ಅದೇ ಅದೇ ಮನೆತನದ ಹೆಸರು ಮತ್ತೆ ಮತ್ತೆ ಬರುತ್ತವೆ. ಮೊದಲು ಯಾರಿಗೆ ಬಾಗಿಲು ತೆರೆದಿತ್ತೋ ಅವರ ಮೊಮ್ಮಕ್ಕಳಿಗೂ ಅದು ಸಲೀಸು. ಹೊರಗೆ ನಿಂತವರ ಮೊಮ್ಮಕ್ಕಳಿಗೆ ಹಾಗಲ್ಲ.

ನ್ಯೂ ಹೇವನ್ ಲೆಕ್ಕವನ್ನೇ ನೋಡಿ. 1970ರ ದಶಕದ ಆರಂಭದಲ್ಲಿ ಆ ಊರಿನ ಜನಸಂಖ್ಯೆಯಲ್ಲಿ ಕಪ್ಪು ಮತ್ತು ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಾಡುವ ದೇಶಗಳ ಮೂಲದ) ಜನ ಶೇ 30. ದಳದ 502 ಸಿಬ್ಬಂದಿಯಲ್ಲಿ ಅವರ ಪಾಲು ಬರೀ ಶೇ 3.6. 107 ಅಧಿಕಾರಿಗಳಲ್ಲಿ ಕಪ್ಪು ವರ್ಣದವರು ಒಬ್ಬರೇ. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಉದ್ಯೋಗದ ಭಾಗ ನಗರ, ರಾಜ್ಯ ಸರ್ಕಾರಗಳಿಗೆ ಅನ್ವಯಿಸಿದ್ದೇ 1972ರಲ್ಲಿ. ಆಮೇಲೆ ಕೆಳಗಿನ ಹುದ್ದೆಗಳಲ್ಲಿ ಪರಿಸ್ಥಿತಿ ಸುಧಾರಿಸಿತು, ಮೇಲೆ ಅಷ್ಟಾಗಿ ಅಲ್ಲ. ಮೊಕದ್ದಮೆಯ ಹೊತ್ತಿಗೂ 21 ಕ್ಯಾಪ್ಟನ್‌ಗಳಲ್ಲಿ ಕಪ್ಪು ವರ್ಣದವರು ಒಬ್ಬರೇ.

2003ರಲ್ಲಿ ಲೆಫ್ಟಿನೆಂಟ್ ಮತ್ತು ಕ್ಯಾಪ್ಟನ್ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಹೊರಗಿನ ಕಂಪನಿಯೊಂದಕ್ಕೆ ನಗರ 1 ಲಕ್ಷ ಡಾಲರ್ ಕೊಟ್ಟು ಪ್ರಶ್ನೆಪತ್ರಿಕೆ ಮಾಡಿಸಿತು. ಬರವಣಿಗೆಗೆ ಶೇ 60, ಮೌಖಿಕಕ್ಕೆ ಶೇ 40. ಈ 60–40 ಎಲ್ಲಿಂದ ಬಂತು? ನಗರಕ್ಕೂ ಯೂನಿಯನ್ನಿಗೂ ಹಳೆಯದೊಂದು ಒಪ್ಪಂದವಿತ್ತು, ಅದರಿಂದ. ಬೆಂಕಿಯ ಮುಂದೆ ತಂಡ ನಡೆಸುವವನಿಗೆ ಪುಸ್ತಕದ ನೆನಪು ಎಷ್ಟು ಬೇಕು, ಸಮಯಪ್ರಜ್ಞೆ ಎಷ್ಟು ಬೇಕು ಅಂತ ಅಧ್ಯಯನ ಮಾಡಿ ಹಾಕಿದ ಪ್ರಮಾಣ ಅದಲ್ಲ. ಇಡೀ ಪ್ರಕರಣದ ಬೇರು ಇಲ್ಲೇ ಇದೆ ಅಂತ ನನ್ನ ನಂಬಿಕೆ.

ಲೆಫ್ಟಿನೆಂಟ್ ಪರೀಕ್ಷೆಗೆ 77 ಜನ ಕುಳಿತರು. 43 ಬಿಳಿಯರಲ್ಲಿ 25 ಮಂದಿ ಪಾಸು. 19 ಕಪ್ಪು ಅಭ್ಯರ್ಥಿಗಳಲ್ಲಿ 6, 15 ಹಿಸ್ಪಾನಿಕ್ ಅಭ್ಯರ್ಥಿಗಳಲ್ಲಿ 3. ಖಾಲಿ ಇದ್ದದ್ದು 8 ಹುದ್ದೆ. ನಿಯಮದ ಪ್ರಕಾರ ಆಯ್ಕೆಗೆ ಅರ್ಹರಾದ ಮೊದಲ ಹತ್ತೂ ಜನ ಬಿಳಿಯರು. ಒಂದು ಗುಂಪಿನ ಪಾಸಿನ ಪ್ರಮಾಣ ಮುಂದಿರುವ ಗುಂಪಿನ ಐದನೇ ನಾಲ್ಕು ಭಾಗಕ್ಕಿಂತ ಕಡಿಮೆಯಾದರೆ ಸಂಶಯಪಡಬೇಕು ಅಂತ ಇಲ್ಲೊಂದು ಸೂತ್ರವಿದೆ. ಇಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಬಂದು ನಿಂತಿತ್ತು.

ಫಲಿತಾಂಶ ನೋಡಿ ನಗರದವರು ಗಾಬರಿಯಾದರು. ಉದ್ದೇಶ ಕೆಟ್ಟದಿಲ್ಲದಿದ್ದರೂ ಪರಿಣಾಮ ಒಂದು ಜನಾಂಗವನ್ನು ಹೊರಗಿಟ್ಟರೆ, ಆ ಪರೀಕ್ಷೆ ಕೆಲಸಕ್ಕೆ ಬೇಕಾದದ್ದೇ ಅಂತ ಉದ್ಯೋಗ ಕೊಡುವವರು ತೋರಿಸಬೇಕು. 1971ರ ಡ್ಯೂಕ್ ಪವರ್ ಕಂಪನಿಯ ತೀರ್ಪಿನಿಂದ ಬಂದ ತತ್ವ ಅದು. ಕಪ್ಪು ನೌಕರರು ದಾವೆ ಹೂಡಬಹುದು ಅಂತ ನಗರ ಹೆದರಿತು. ಸಿವಿಲ್ ಸರ್ವಿಸ್ ಮಂಡಳಿ ಸಾಲು ಸಾಲು ವಿಚಾರಣೆ ನಡೆಸಿತು. 2004ರ ಮಾರ್ಚಿನಲ್ಲಿ ಮತ 2–2 ಆಯಿತು. ಫಲಿತಾಂಶಕ್ಕೆ ಒಪ್ಪಿಗೆ ಸಿಗಲಿಲ್ಲ, ಯಾರಿಗೂ ಬಡ್ತಿ ಇಲ್ಲ.

ಆ ವಿಚಾರಣೆಗಳಲ್ಲಿ ಬಂದ ಮಾತುಗಳನ್ನು ಓದಬೇಕು. ಪುಸ್ತಕಗಳಿಗೇ ನೂರಾರು ಡಾಲರ್ ಖರ್ಚು, ತರಿಸಿದರೂ ಬೇಗ ಬರುತ್ತಿರಲಿಲ್ಲ. ಅಪ್ಪ, ಚಿಕ್ಕಪ್ಪ ಇದೇ ಕೆಲಸದಲ್ಲಿದ್ದವರಿಗೆ ಪುಸ್ತಕವೂ ಮನೆಯಲ್ಲೇ, ಹೇಳಿಕೊಡುವವರೂ ಮನೆಯಲ್ಲೇ. ಕಪ್ಪು ನೌಕರರಲ್ಲಿ ಹೆಚ್ಚಿನವರು ಮೊದಲ ತಲೆಮಾರಿನವರು. ನಮ್ಮ ಹಳ್ಳಿಗಳಿಂದ ಬಂದು ಕೆಪಿಎಸ್‌ಸಿ ಪರೀಕ್ಷೆ ಬರೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಇನ್ನೊಂದು ಪ್ರಶ್ನೆಯಲ್ಲಿ ಲಾರಿಯನ್ನು 'ಅಪ್‌ಟೌನ್' ಕಡೆಗೆ ನಿಲ್ಲಿಸಬೇಕೋ 'ಡೌನ್‌ಟೌನ್' ಕಡೆಗೋ ಅಂತ ಕೇಳಿದ್ದರಂತೆ. ಅದು ನ್ಯೂಯಾರ್ಕಿನ ಮಾತು. ನ್ಯೂ ಹೇವನ್‌ನಲ್ಲಿ ಅಪ್‌ಟೌನ್ ಅನ್ನುವುದೇ ಇಲ್ಲ!

ಇನ್ನೊಂದು ಕಡೆಯ ನೋವೂ ಸಣ್ಣದಲ್ಲ. ಫ್ರಾಂಕ್ ರಿಚಿ ಅನ್ನುವವರಿಗೆ ಡಿಸ್ಲೆಕ್ಸಿಯಾ. ಓದುವುದು ಕಷ್ಟ ಅಂತ ದುಡ್ಡು ಕೊಟ್ಟು ಪುಸ್ತಕಗಳನ್ನು ಟೇಪಿಗೆ ಓದಿಸಿಕೊಂಡು, ದಿನಕ್ಕೆ ಎಂಟರಿಂದ ಹದಿಮೂರು ತಾಸು ತಯಾರಿ ಮಾಡಿದ್ದರು. ಪಾಸಾದ ಮೇಲೆ ಪರೀಕ್ಷೆಯೇ ರದ್ದು ಅಂದರೆ ಹೊಟ್ಟೆ ಉರಿಯದೇ ಇರುತ್ತದೆಯೇ? ಅವರು ಮತ್ತು ಇತರರು, ಒಬ್ಬ ಹಿಸ್ಪಾನಿಕ್ ನೌಕರರೂ ಸೇರಿ, ಕೋರ್ಟಿಗೆ ಹೋದರು. ಕೆಳಗಿನ ಕೋರ್ಟುಗಳಲ್ಲಿ ಸೋತರು. 2009ರ ಜೂನ್ 29ರಂದು ಸುಪ್ರೀಂ ಕೋರ್ಟು 5–4ರಲ್ಲಿ ಅವರ ಪರ ನಿಂತಿತು. ದಾವೆಯ ಭಯವೊಂದೇ ಸಾಲದು, ಸೋಲುತ್ತೇವೆ ಅನ್ನಲು ಗಟ್ಟಿ ಆಧಾರ ಬೇಕು ಅಂತ ನ್ಯಾಯಮೂರ್ತಿ ಕೆನಡಿ ಬರೆದರು. ನಗರದ ಹಳೆಯ ಇತಿಹಾಸವನ್ನೂ ಪರೀಕ್ಷೆಯ ದೋಷಗಳನ್ನೂ ಬಿಚ್ಚಿಟ್ಟ ಭಿನ್ನಮತದ ತೀರ್ಪು ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಅವರದು. ಮೇಲೆ ಕೊಟ್ಟ ಅಂಕಿಗಳಲ್ಲಿ ಹಲವು ಸಿಗುವುದು ಅಲ್ಲೇ.

ಸುದ್ದಿಮನೆಗಳು ಅಲ್ಲಿಗೆ ಕಥೆ ಮುಗಿಸಿದವು. ನನಗೆ ಮುಖ್ಯ ಅನ್ನಿಸುವವರು ಮೈಕಲ್ ಬ್ರಿಸ್ಕೋ. ಅದೇ ಪರೀಕ್ಷೆ ಬರೆದ ಕಪ್ಪು ವರ್ಣದ ನೌಕರ. ಲೆಫ್ಟಿನೆಂಟ್ ಮೌಖಿಕದಲ್ಲಿ 77 ಜನರಲ್ಲಿ ಅವರದೇ ಅತಿ ಹೆಚ್ಚು ಅಂಕ. ಬರವಣಿಗೆಯ ಶೇ 60 ಸೇರಿದಾಗ ಒಟ್ಟು ಪಟ್ಟಿಯಲ್ಲಿ 24ನೇ ಸ್ಥಾನಕ್ಕೆ ಜಾರಿದರು. ಆ ಪ್ರಮಾಣವೇ ಅನ್ಯಾಯ ಅಂತ ಅವರು ದಾವೆ ಹೂಡಿದರು. ರಿಚಿ ತೀರ್ಪು ಬಂದಿದ್ದರೂ ಬ್ರಿಸ್ಕೋ ದಾವೆ ನಡೆಯಬಹುದು ಅಂತ ಮೇಲ್ಮನವಿ ಕೋರ್ಟು 2011ರಲ್ಲಿ ಹೇಳಿತು. ರಿಚಿ ಓದಿದ್ದೂ ನಿಜ, ಬ್ರಿಸ್ಕೋ ಸಾಮರ್ಥ್ಯವೂ ನಿಜ. ಇಬ್ಬರನ್ನೂ ಎದುರುಬದುರು ನಿಲ್ಲಿಸಿದ್ದು, ಯಾರೂ ಪ್ರಶ್ನಿಸದೆ ವರ್ಷಗಟ್ಟಲೆ ನಡೆಸಿಕೊಂಡು ಬಂದ ಆ 60–40. ಯಾರು ಪಾಸು ಅಂತ ಗೊತ್ತಾಗುವ ಮುಂಚೆಯೇ ಅದನ್ನು ಮೇಜಿನ ಮೇಲೆ ಇಟ್ಟು ಚರ್ಚಿಸಿದ್ದರೆ ಇಬ್ಬರೂ ಕೋರ್ಟು ಹತ್ತಬೇಕಿರಲಿಲ್ಲ.

ನ್ಯೂಯಾರ್ಕ್ ನಗರದಲ್ಲಿ ಇದೇ ಬಗೆಯ ಜಗಳ ಇನ್ನೂ ದೊಡ್ಡದಾಗಿ ನಡೆಯಿತು. ಅಲ್ಲಿನ ಅಗ್ನಿಶಾಮಕ ದಳದ ಪ್ರವೇಶ ಪರೀಕ್ಷೆಗಳ ಮೇಲೆ 2007ರಲ್ಲಿ ಕೇಂದ್ರ ನ್ಯಾಯ ಇಲಾಖೆಯೇ ದಾವೆ ಹೂಡಿತು. ಕಪ್ಪು ನೌಕರರ ವಲ್ಕನ್ ಸೊಸೈಟಿ ಅದರಲ್ಲಿ ಸೇರಿಕೊಂಡಿತು. 2014ರಲ್ಲಿ ಸುಮಾರು 9.8 ಕೋಟಿ ಡಾಲರಿಗೆ ರಾಜಿಯಾಯಿತು.

ಅಂಥ ದಾವೆಯನ್ನು ಸರ್ಕಾರವೇ ಹೂಡುವುದನ್ನು ಇನ್ನು ನಿರೀಕ್ಷಿಸುವುದು ಕಷ್ಟ. ಪರಿಣಾಮದ ಆಧಾರದ ಮೇಲಿನ ತಾರತಮ್ಯ ಪ್ರಕರಣಗಳಿಗೆ ಆದ್ಯತೆ ಕೊಡಬೇಡಿ ಅಂತ 2025ರ ಏಪ್ರಿಲ್‌ನಲ್ಲಿ ಅಧ್ಯಕ್ಷರ ಆದೇಶ ಹೊರಟಿದೆ. ಕಾಯ್ದೆ ಬದಲಾಗಿಲ್ಲ, ಅದನ್ನು ಬದಲಿಸುವ ಅಧಿಕಾರ ಸಂಸತ್ತಿಗೆ ಮಾತ್ರ. ನೌಕರರು ತಾವೇ ವಕೀಲರನ್ನಿಟ್ಟು ಈಗಲೂ ಕೋರ್ಟಿಗೆ ಹೋಗಬಹುದು. ಆದರೆ ಠಾಣೆಯ ಸಂಬಳದಲ್ಲಿ ಸಂಸಾರ ನಡೆಸುವವರು ಒಂದು ನಗರದ ವಿರುದ್ಧ ವರ್ಷಗಟ್ಟಲೆ ಹೋರಾಡಬೇಕು. ಮೊದಲ ತಲೆಮಾರಿನವರಿಗೆ ಅದೆಷ್ಟು ಕಷ್ಟ ಅಂತ ಯೋಚಿಸಿದರೆ ನನಗೆ ನಿಜವಾಗಿಯೂ ಭಯವಾಗುತ್ತದೆ.