ಬೋರಿನ ನೀರಿನಲ್ಲಿ ಪೆಪ್ಟೈಡಿನ ಬೇಳೆ ಬೇಯಲಿಲ್ಲ

ಸಿಕ್ಕಿತು! ಮಾರ್ಚ್‌ನಿಂದ ತಲೆ ತಿನ್ನುತ್ತಿದ್ದ ಪ್ರಶ್ನೆಗೆ ಕೊನೆಗೂ ಉತ್ತರ ಸಿಕ್ಕಿತು. ಅದೂ ಲ್ಯಾಬಿನಲ್ಲಲ್ಲ, ಅಡುಗೆ ಮನೆಯಲ್ಲಿ. ದಾಳಿಂಬೆ ರೋಗದ ಬ್ಯಾಕ್ಟೀರಿಯಾ ಕೊಲ್ಲಲೆಂದು ನಾನು ವಿನ್ಯಾಸ ಮಾಡಿದ ಪೆಪ್ಟೈಡ್ (ಅಮೈನೊ ಆಮ್ಲಗಳ ಚಿಕ್ಕ ಸರಪಳಿ) ದಾ-14 ಯಾಕೆ ಕೈಕೊಡುತ್ತಿದೆ ಅನ್ನುವುದೇ ಆ ಪ್ರಶ್ನೆ. ದಾ-14 ಕೆಟ್ಟಿರಲಿಲ್ಲ. ವಿನ್ಯಾಸವೂ ತಪ್ಪಿರಲಿಲ್ಲ. ಅಡ್ಡ ನಿಂತಿದ್ದು ನಮ್ಮ ತೋಟದ ಬೋರಿನ ನೀರು.

ಹಿನ್ನೆಲೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಹುನಗುಂದದ ಕಡೆ ನಮ್ಮದು ಮೂರು ಎಕರೆ ಭಗವಾ ದಾಳಿಂಬೆ. ಅಂಗಮಾರಿ ಬಂದರೆ ಏನಾಗುತ್ತದೆ ಅಂತ ಬಾಗಲಕೋಟೆ, ವಿಜಯಪುರದವರಿಗೆ ನಾನು ಹೇಳಬೇಕಿಲ್ಲ. ಎಲೆ ಮೇಲೆ ಎಣ್ಣೆ ಹನಿ ಬಿದ್ದಂಥ ಚುಕ್ಕೆ, ಆಮೇಲೆ ಕಾಯಿ ಮೇಲೆ ಕಪ್ಪು ಕಲೆ, ಆಮೇಲೆ ಕಾಯಿ ಬಿರಿಯುತ್ತದೆ. ಕ್ಸಾಂಥೊಮೊನಾಸ್ ಅನ್ನುವ ಬ್ಯಾಕ್ಟೀರಿಯಾದ ಕೆಲಸ ಇದು. ಅಪ್ಪ ತಾಮ್ರದ ಔಷಧ ಹೊಡೆಯುತ್ತಾರೆ, ಜೊತೆಗೆ ಸ್ಟ್ರೆಪ್ಟೊಮೈಸಿನ್ ಇರುವ ಪುಡಿ. ಸ್ಟ್ರೆಪ್ಟೊಮೈಸಿನ್ ಅಂದರೆ ಟಿಬಿ ರೋಗಿಗಳಿಗೂ ಕೊಡುವ ಔಷಧ. ಅದನ್ನು ಗಿಡಕ್ಕೆ ಸುರಿಯುವುದು ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಹಾಗಾಗಿ ಈ ಪೆಪ್ಟೈಡಿನ ಹುಚ್ಚು.

ವಿನ್ಯಾಸದ ಭಾಗ ಬೇಗ ಮುಗಿಸುತ್ತೇನೆ. ಬಿಪಿ100 ಅಂತ ಒಂದಿದೆ. ಪತಂಗದ ಸೆಕ್ರೋಪಿನ್ ಮತ್ತು ಜೇನುಹುಳದ ವಿಷದ ಮೆಲಿಟಿನ್, ಇವೆರಡನ್ನೂ ಬೆಸೆದು ಸ್ಪೇನಿನ ಜಿರೋನಾದವರು ಗಿಡದ ರೋಗಗಳಿಗೆಂದೇ ಕಡೆದ 11 ಅಮೈನೊ ಆಮ್ಲದ ಪೆಪ್ಟೈಡ್. ಅದನ್ನೇ ಬುನಾದಿ ಮಾಡಿಕೊಂಡು ಲ್ಯಾಪ್‌ಟಾಪಿನಲ್ಲಿ ಹದಿನಾಲ್ಕು ಸಲ ತಿದ್ದಿದೆ. ಹದಿನಾಲ್ಕನೆಯದು ಚೆನ್ನಾಗಿ ಕಂಡಿತು, ಅದೇ ದಾ-14. ಪ್ರೋಟೀನಿನ ಆಕಾರ ಊಹಿಸುವ ಆಲ್ಫಾಫೋಲ್ಡ್ ಸಾಫ್ಟ್‌ವೇರ್ ಇಲ್ಲಿ ಜಾಸ್ತಿ ಸಹಾಯ ಮಾಡುವುದಿಲ್ಲ, ಇದನ್ನು ಹೊಸಬರು ನೆನಪಿಟ್ಟುಕೊಳ್ಳಿ. ಇಷ್ಟು ಚಿಕ್ಕ ಪೆಪ್ಟೈಡ್ ನೀರಿನಲ್ಲಿ ಸುಮ್ನೆ ದಾರದ ತುಂಡಿನ ಹಾಗೆ ಓಲಾಡುತ್ತಿರುತ್ತದೆ. ಬ್ಯಾಕ್ಟೀರಿಯಾದ ಪೊರೆ ಮುಟ್ಟಿದ ಮೇಲೇ ಸುರುಳಿಯಾಗುವುದು.

ಈಗ ಸಮಸ್ಯೆಗೆ ಬರೋಣ. ನಾನು ಡಿಗ್ರಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತೇನೆ. ಪಕ್ಕದ ಮೈಕ್ರೋಬಯಾಲಜಿ ವಿಭಾಗದ ಮೇಡಂ ಶನಿವಾರ ಮಧ್ಯಾಹ್ನ ತಮ್ಮ ಲ್ಯಾಬು ಬಿಟ್ಟುಕೊಡುತ್ತಾರೆ, ತಾವೂ ನಿಂತು ಕೆಲಸ ಮಾಡುತ್ತಾರೆ. ರೋಗದ ಬ್ಯಾಕ್ಟೀರಿಯಾ ನಾವು ಮುಟ್ಟುವುದಿಲ್ಲ. ತರಗತಿಗೆ ಬಳಸುವ ನಿರಪಾಯದ ಇ ಕೋಲಿ ತಳಿ ಸಾಕು, ಅದೂ ಕ್ಸಾಂಥೊಮೊನಾಸ್ ಹಾಗೆ ಗ್ರಾಮ್ ನೆಗೆಟಿವ್, ಅಂದರೆ ಹೊರಗೆ ಇನ್ನೊಂದು ಪೊರೆ ಇರುವ ಗುಂಪಿನದು. ಡಿಸ್ಟಿಲ್ಡ್ ನೀರಿನಲ್ಲಿ ದಾ-14 ಅನ್ನು 10 ಮೈಕ್ರೋಮೋಲಾರ್ (ಸಾಂದ್ರತೆಯ ಅಳತೆ, ಮುಂದಿನ ಅಂಕಿಗಳೂ ಇದರಲ್ಲೇ) ಹಾಕಿ ಒಂದು ಗಂಟೆ ಬಿಟ್ಟು ಹರಡಿದರೆ ಪ್ಲೇಟು ಖಾಲಿ, ಬ್ಯಾಕ್ಟೀರಿಯಾದ ಒಂದು ಕಾಲನಿಯೂ ಇಲ್ಲ. ಬರೀ ನೀರಿನ ಕಂಟ್ರೋಲಿನಲ್ಲಿ ಬ್ಯಾಕ್ಟೀರಿಯಾ ಆರಾಮಾಗಿ ಇದ್ದವು. ಮೇಡಂಗೂ ಖುಷಿ, ನನಗೂ ಖುಷಿ.

ಆಮೇಲೆ ನಾನು ಒಂದು ಕ್ಯಾನು ಬೋರಿನ ನೀರು ತಂದೆ. ಅಪ್ಪ ಪಂಪಿನ ಟ್ಯಾಂಕಿಗೆ ಹಾಕುವುದು ಅದೇ ನೀರು ಅಲ್ವಾ? ಡಿಸ್ಟಿಲ್ಡ್ ನೀರು ಯಾವ ರೈತ ಕೊಳ್ಳುತ್ತಾನೆ? ಅದೇ ಪೆಪ್ಟೈಡ್, ಅದೇ ಬ್ಯಾಕ್ಟೀರಿಯಾ, ಅದೇ ದಿನ. 10 ಹಾಕಿದರೂ ಇಲ್ಲ, 20 ಹಾಕಿದರೂ ಇಲ್ಲ, 80ಕ್ಕೆ ಹೋದರೂ ಪ್ಲೇಟಿನ ತುಂಬ ಕಾಲನಿಗಳು ರವೆ ಚೆಲ್ಲಿದ ಹಾಗೆ ಎದ್ದಿದ್ದವು. ಮೂರು ಶನಿವಾರ ಮತ್ತೆ ಮತ್ತೆ ಮಾಡಿದೆವು. ಅದೇ ರವೆ.

ಮೊದಲ ಅನುಮಾನ ಪೆಪ್ಟೈಡ್ ಮಾಡಿಕೊಟ್ಟವರ ಮೇಲೆ ಹೋಯಿತು. ಹೋಗದೇ ಇರುತ್ತದಾ? ಮೂರು ವಾರ ಅಂದವರು ಏಳು ವಾರ ತೆಗೆದುಕೊಂಡರು. ಮೇ ತಿಂಗಳ ಸುಡು ಬಿಸಿಲಲ್ಲಿ ಎರಡನೇ ಸೀಸೆ ಕೊರಿಯರ್ ಗೋದಾಮಿನಲ್ಲಿ ಆರು ದಿನ ಬಿದ್ದಿತ್ತು. ಶುದ್ಧತೆ ತೋರಿಸುವ ಎಚ್‌ಪಿಎಲ್‌ಸಿ ವರದಿಗೆ ನಾಲ್ಕು ಸಲ ಫೋನ್ ಮಾಡಬೇಕಾಯಿತು. ಸರಪಳಿಯ ತುದಿಗೆ ಅಮೈಡ್ ಗುಂಪು ಹಾಕಿದ್ದಾರೋ ಇಲ್ಲವೋ ಅನ್ನುವುದು ನನ್ನ ದೊಡ್ಡ ಚಿಂತೆ, ಯಾಕೆಂದರೆ ಅಮೈಡ್ ಇದ್ದರೂ ಇಲ್ಲದಿದ್ದರೂ ತೂಕದಲ್ಲಿ ವ್ಯತ್ಯಾಸ ಬರೀ ಒಂದು ಡಾಲ್ಟನ್, ಸುಮಾರು ಒಂದು ಹೈಡ್ರೋಜನ್ ಪರಮಾಣುವಿನಷ್ಟು. ಮಾಸ್ ವರದಿಯನ್ನು ಕಣ್ಣು ಕೀಲಿಸಿ ನೋಡಿದೆ. ಅಮೈಡ್ ಇತ್ತು, ಸರಿಯಾಗಿಯೇ ಇತ್ತು.

ಆದರೆ ತೂಕದ ಲೆಕ್ಕದಲ್ಲಿ ನನಗೆ ಸಿಟ್ಟು ಬಂದಿದ್ದು ನಿಜ. ಸೀಸೆ ಮೇಲೆ 5 ಮಿಲಿಗ್ರಾಂ ಅಂತ ಬರೆದಿರುತ್ತಾರೆ. ದಾ-14ಕ್ಕೆ ಆರು ಧನ ಆವೇಶ ಇದೆ, ಒಂದೊಂದಕ್ಕೂ ಒಂದು ಟಿಎಫ್‌ಎ (ಪೆಪ್ಟೈಡ್ ತಯಾರಿಸುವಾಗ ಬಳಸುವ ಆಮ್ಲ) ಅಂಟಿಕೊಂಡು ಬರುತ್ತದೆ. ಟಿಎಫ್‌ಎ ತೂಕ 114, ಪೆಪ್ಟೈಡಿನದು 1400 ಚಿಲ್ಲರೆ. ಕೂಡಿಸಿ ನೋಡಿ. ನಾವು ದುಡ್ಡು ಕೊಟ್ಟ ಪುಡಿಯಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಬರೀ ಉಪ್ಪು! ಇದನ್ನು ಬಿಲ್ಲಿನಲ್ಲಿ ಯಾರೂ ದಪ್ಪಕ್ಷರದಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ಹೇಳಿಕೊಂಡು ಕೂಗಾಡಿದಾಗ ಅವ್ವ ಅಂದಳು, "ಉಪ್ಪು ಬೇಕಂದ್ರ ಅಡಗಿ ಮನ್ಯಾಗ ಐತೆಲ್ಲೋ ತಮ್ಮಾ." ಪೆಪ್ಟೈಡ್ ತರಿಸುವವರು ನಿವ್ವಳ ಪೆಪ್ಟೈಡ್ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ, ಲೆಕ್ಕ ಅದರ ಮೇಲೇ ಹಾಕಿ.

ಎರಡನೇ ಅನುಮಾನ ಪ್ಲಾಸ್ಟಿಕ್. ಧನ ಆವೇಶದ ಪೆಪ್ಟೈಡುಗಳು ಗಾಜಿಗೂ ಪಾಲಿಸ್ಟೈರೀನಿಗೂ ಅಂಟಿಕೊಳ್ಳುತ್ತವೆ. ಎಲ್ಲವನ್ನೂ ಪಾಲಿಪ್ರೊಪಿಲೀನ್ ಟ್ಯೂಬಿಗೆ ಬದಲಾಯಿಸಿದೆವು. ಫಲಿತಾಂಶ ಬದಲಾಗಲಿಲ್ಲ. ಮೂರನೇ ಅನುಮಾನ ಪಿಎಚ್. ಬೋರಿನ ನೀರು 8ರ ಮೇಲೆ ಇತ್ತು. ಡಿಸ್ಟಿಲ್ಡ್ ನೀರನ್ನೂ ಅಲ್ಲಿಗೇ ಏರಿಸಿದರೆ ದಾ-14 ಮೊದಲಿನಂತೆಯೇ ಕೊಂದಿತು. ದಾ-14ಕ್ಕೆ ಧನ ಆವೇಶ ಕೊಡುವ ಅಮೈನೊ ಆಮ್ಲ ಲೈಸೀನ್, ಅದರ ಆವೇಶ ಕಳೆಯಬೇಕಾದರೆ ಪಿಎಚ್ 10 ದಾಟಬೇಕು, ಹಾಗಾಗಿ ಇದು ನಿರೀಕ್ಷಿತವೇ.

ನಾಲ್ಕನೆಯದು ನಮ್ಮನ್ನು ಸರಿಯಾಗಿ ದಾರಿ ತಪ್ಪಿಸಿತು. ಬೋರಿನ ನೀರಿನಲ್ಲಿ ಯಾವುದೋ ಜೀವಾಣು ಪೆಪ್ಟೈಡನ್ನು ಕತ್ತರಿಸಿ ತಿನ್ನುತ್ತಿರಬಹುದು ಅಂತ ಮೇಡಂ ಅಂದರು. ನೀರು ಕುದಿಸಿ ಆರಿಸಿ ಸೋಸಿ ಹಾಕಿದೆವು. 80ರಲ್ಲಿ ಕಾಲನಿಗಳು ಅರ್ಧಕ್ಕಿಳಿದವು! ಕಳ್ಳ ಸಿಕ್ಕ ಅಂದುಕೊಂಡೆವು. ಆದರೆ ಕುದಿಸದೆ 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿದ ನೀರಿನಲ್ಲಿ ಏನೂ ಸುಧಾರಿಸಲಿಲ್ಲ. ಜೀವಾಣು ಹೋದವು, ತೊಂದರೆ ಹೋಗಲಿಲ್ಲ. ಹಾಗಾದರೆ ಜೀವಾಣು ಬಿಟ್ಟುಹೋದ ಕಿಣ್ವ ಇರಬೇಕು ಅಂತ ಪ್ರೋಟಿಯೇಸ್ ತಡೆಯುವ ಮಿಶ್ರಣ ತರಿಸಿದೆವು. ಅದಕ್ಕೂ ದಂಡಿಯಾಗಿ ದುಡ್ಡು ಹೋಯಿತು, ಎರಡು ವಾರ ಕಾದೆವು, ಪ್ರಯೋಜನ ಆಗಲಿಲ್ಲ.

ಆ ಕೊರಿಯರ್ ಕಾಯುವ ಎರಡು ವಾರದಲ್ಲಿ ನಾನು ಜೋಳದ ಕಡೆ ಹೊರಳಿದೆ. ಇದು ಬೇರೆ ಯೋಜನೆ, ಆದರೂ ಹೇಳದೆ ಇರಲಾರೆ. ನಮ್ಮ ಮಾಲದಂಡಿ ಜೋಳದ ಮುಖ್ಯ ಪ್ರೋಟೀನು ಕಾಫಿರಿನ್. ಅದರಲ್ಲಿ ಲೈಸೀನ್ ತೀರಾ ಕಡಿಮೆ. ಇನ್ನೊಂದು ತೊಂದರೆ, ನೀರಿನಲ್ಲಿ ಬೇಯಿಸಿದಾಗ ಗಂಧಕದ ಕೊಂಡಿಗಳಿಂದ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಜೀರ್ಣವಾಗುವುದು ಕಷ್ಟವಾಗುತ್ತದೆ. ಆ ಕೊಂಡಿ ಹಾಕುವ ಸಿಸ್ಟೀನುಗಳಲ್ಲಿ ಯಾವುದನ್ನು ತೆಗೆದರೆ ಕಾಳಿನ ಒಳಗಿನ ಪ್ರೋಟೀನಿನ ಗಂಟು ಕುಸಿಯದೆ ಉಳಿಯುತ್ತದೆ, ಎಲ್ಲಿ ಲೈಸೀನ್ ತೂರಿಸಬಹುದು, ಇದನ್ನು ಕೋಲಾಬ್‌ಫೋಲ್ಡ್ ಮತ್ತು ಪ್ರೋಟೀನ್ ಎಂಪಿಎನ್‌ಎನ್ ಅನ್ನುವ ಸಾಫ್ಟ್‌ವೇರ್ ಇಟ್ಟುಕೊಂಡು ನೋಡಬೇಕು. 2024ರ ನೊಬೆಲ್ ಡೇವಿಡ್ ಬೇಕರ್ ಅವರಿಗೆ ಬಂದಿದ್ದು ಇಂಥ ವಿನ್ಯಾಸಕ್ಕೇ. ರೊಟ್ಟಿ ತಿಂದು ಬೆಳೆದವರು ಈ ಕೆಲಸಕ್ಕೆ ಕೈ ಹಾಕಲೇಬೇಕು ಅನ್ನಿಸುತ್ತದೆ. ಈ ಚಳಿಗಾಲಕ್ಕೆ ಶುರು ಮಾಡುತ್ತೇನೆ.

ಸರಿ, ಉತ್ತರ ಸಿಕ್ಕ ಆ ಭಾನುವಾರಕ್ಕೆ ಬರೋಣ. ಮನೆಗೆ ಹೊಂಡದ ನೀರು ಬಂದಿರಲಿಲ್ಲ. ನಾನು ಸುಮ್ನೆ ಬೋರಿನ ನೀರು ಹಿಡಿದು ತಂದು ಒಲೆ ಪಕ್ಕ ಇಟ್ಟೆ. ಅವ್ವ ಕೊಡ ನೋಡಿದವಳೇ ಸಿಟ್ಟಾದಳು. "ಸವಳ ನೀರಾಗ ಬ್ಯಾಳಿ ಎಲ್ಲಿ ಬೇಯ್ತೈತೋ? ಕುದಿಸಿ ಆರಿಸಿದ್ರ ಒಂದೀಟು ಅಡ್ಡಿ ಇಲ್ಲ."

ಕುದಿಸಿ ಆರಿಸಿದರೆ ಸ್ವಲ್ಪ ಪರವಾಗಿಲ್ಲ! ನಮ್ಮ ಪ್ಲೇಟೂ ಅದನ್ನೇ ಹೇಳಿತ್ತು.

ಬೇಳೆ ಯಾಕೆ ಬೇಯುವುದಿಲ್ಲ? ಅದರ ಜೀವಕೋಶಗಳ ನಡುವೆ ಪೆಕ್ಟಿನ್ ಇದೆ, ಋಣ ಆವೇಶದ ಎಳೆಗಳು. ಗಡಸು ನೀರಿನ ಕ್ಯಾಲ್ಸಿಯಂ ಆ ಎಳೆಗಳ ನಡುವೆ ಕೂತು ಹೊಲಿಗೆ ಹಾಕಿಬಿಡುತ್ತದೆ. ಇ ಕೋಲಿಯ ಹೊರಪೊರೆಯಲ್ಲಿ ಏನಿದೆ? ಲಿಪೋಪಾಲಿಸ್ಯಾಕರೈಡ್, ಮೈತುಂಬ ಋಣ ಆವೇಶದ ಫಾಸ್ಫೇಟು. ಅವು ಒಂದನ್ನೊಂದು ತಳ್ಳದಂತೆ ಹೊಲಿದು ಹಿಡಿದಿರುವುದು ಕ್ಯಾಲ್ಸಿಯಂ, ಮೆಗ್ನೀಸಿಯಮ್ಮೇ. ನಮ್ಮ ಪೆಪ್ಟೈಡ್ ಮಾಡುವ ಮೊದಲ ಕೆಲಸವೇ ಆ ಹೊಲಿಗೆ ಬಿಚ್ಚಿ ತಾನು ಅಲ್ಲಿ ಕೂರುವುದು. ಸುತ್ತ ನೀರಿನ ತುಂಬ ಕ್ಯಾಲ್ಸಿಯಂ ಇದ್ದರೆ ಬಿಚ್ಚಿದ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ. ಬೇಳೆಯೂ ಬೇಯುವುದಿಲ್ಲ, ಬ್ಯಾಕ್ಟೀರಿಯಾವೂ ಸಾಯುವುದಿಲ್ಲ.

ಸೋಮವಾರ ಬೆಳಿಗ್ಗೆ ಲ್ಯಾಬಿಗೆ ಓಡಿದೆ. ಇಡಿಟಿಎ (ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಳ್ಳುವ ರಾಸಾಯನಿಕ) ಟೈಟ್ರೇಷನ್, ಎರಿಯೋಕ್ರೋಮ್ ಬ್ಲಾಕ್ ಟಿ ಅನ್ನುವ ಬಣ್ಣ, ಕೆಂಪು ಹೋಗಿ ನೀಲಿ ಬರುವುದು, ಮಕ್ಕಳಿಂದ ಪ್ರತಿವರ್ಷ ಮಾಡಿಸುವ ಪ್ರಯೋಗ. ಬೋರಿನ ನೀರಿನ ಗಡಸುತನ ಲೀಟರಿಗೆ 720 ಮಿಲಿಗ್ರಾಂ ಬಂತು. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಒಪ್ಪುವುದು 200, ಬೇರೆ ನೀರೇ ಇಲ್ಲದಿದ್ದರೆ 600. ಕುದಿಸಿದ ನೀರಿನಲ್ಲಿ 410. ಪಾತ್ರೆ ತಳದಲ್ಲಿ ಕೂರುವ ಬಿಳಿ ಪದರ ಇದೆಯಲ್ಲ, ಉಳಿದದ್ದು ಅಲ್ಲಿಗೆ ಹೋಯಿತು. ಈಗ 720 ಅಂದರೆ, ಗಡಸುತನವನ್ನು ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಹೇಳುವುದರಿಂದ, 7.2 ಮಿಲಿಮೋಲಾರ್. ಪೆಪ್ಟೈಡ್ 10 ಮೈಕ್ರೋಮೋಲಾರ್. ಒಂದು ಪೆಪ್ಟೈಡಿನ ಎದುರು 720 ಅಯಾನುಗಳು ನಿಂತಿದ್ದವು. ಪಾಪ, ಅದೇನು ಮಾಡೀತು?

ಎರಡೂ ದಿಕ್ಕಿನಿಂದ ಪರೀಕ್ಷೆ ಮಾಡಿದೆವು. ಡಿಸ್ಟಿಲ್ಡ್ ನೀರಿಗೆ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಸಲ್ಫೇಟ್ ಹಾಕಿ ಬೋರಿನ ಮಟ್ಟಕ್ಕೆ ತಂದೆವು. ದಾ-14 ಅಲ್ಲಿಯೂ ಮಲಗಿತು. ಅದೇ ಅಯಾನು ಬಲ ಬರುವಷ್ಟು ಅಡುಗೆ ಉಪ್ಪು ಹಾಕಿದರೆ 20ರಲ್ಲಿ ಪ್ಲೇಟು ಖಾಲಿ. ಅಂದರೆ ಉಪ್ಪಿನ ತಕರಾರಲ್ಲ, ಎರಡು ಆವೇಶದ ಅಯಾನುಗಳದ್ದೇ ತಕರಾರು. ಆಮೇಲೆ ಬೋರಿನ ನೀರಿಗೆ ಗಡಸುತನಕ್ಕೆ ಸರಿಯಾಗಿ ಅಷ್ಟೇ ಇಡಿಟಿಎ ಹಾಕಿದೆವು. ಇಡಿಟಿಎ ಜಾಸ್ತಿಯಾದರೆ ತಾನೇ ಪೊರೆ ಒಡೆಯುತ್ತದೆ, ಅದಕ್ಕೇ ಅಳತೆ ಮುಖ್ಯ. ಬರೀ ಇಡಿಟಿಎ ಕಂಟ್ರೋಲಿನಲ್ಲಿ ಕಾಲನಿ ಹಾಗೇ ಇದ್ದವು, ಪೆಪ್ಟೈಡ್ ಸೇರಿದ ಪ್ಲೇಟು ಖಾಲಿ. ಮೇಡಂ ಆ ಪ್ಲೇಟನ್ನು ಕಿಟಕಿ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು.

ನನ್ನ ಸಿಮ್ಯುಲೇಷನ್ ಫೈಲು ತೆಗೆದು ನೋಡಿದೆ. ಅಣುಗಳ ಚಲನೆ ಲೆಕ್ಕ ಹಾಕುವ ಗ್ರೋಮ್ಯಾಕ್ಸ್‌ನಲ್ಲಿ ನಾನು ಹಾಕಿದ್ದ ಅಯಾನುಗಳು ಸೋಡಿಯಂ ಮತ್ತು ಕ್ಲೋರೈಡ್ ಮಾತ್ರ. ನನ್ನ ಲ್ಯಾಪ್‌ಟಾಪಿನ ನೀರು ಸಿಹಿನೀರು, ಹುನಗುಂದದ ನೀರಲ್ಲ. ಔಷಧದವರಿಗೆ ಈ ಪಾಠ ಎಂದೋ ಗೊತ್ತು. ಪಾಲಿಮಿಕ್ಸಿನ್ ಗುಂಪಿನ ಔಷಧಗಳು ಇದೇ ಹೊಲಿಗೆ ಬಿಚ್ಚಿ ಒಳಗೆ ಹೋಗುತ್ತವೆ. ಆಂಟಿಬಯಾಟಿಕ್ ಪರೀಕ್ಷೆಯ ಮ್ಯೂಲರ್ ಹಿಂಟನ್ ದ್ರಾವಣದಲ್ಲಿ ಲೀಟರಿಗೆ ಕ್ಯಾಲ್ಸಿಯಂ 20ರಿಂದ 25, ಮೆಗ್ನೀಸಿಯಂ 10ರಿಂದ 12.5 ಮಿಲಿಗ್ರಾಂ ಇರಲೇಬೇಕು ಅಂತ ನಿಯಮ ಮಾಡಿದ್ದು ಸುಮ್ಮನೆ ಅಲ್ಲ. ಬೆಳೆಗೆ ಪೆಪ್ಟೈಡ್ ಮಾಡುವವರಿಗೂ ಇಂಥದ್ದೊಂದು ಅಳತೆಯ ನೀರು ಬೇಕು. ನಾನಂತೂ ಇನ್ನು ಮೇಲೆ ಪ್ರತಿ ವಿನ್ಯಾಸವನ್ನೂ ಮೊದಲು 720ರ ನೀರಿನಲ್ಲೇ ಮುಳುಗಿಸುತ್ತೇನೆ.

ಹೊಸ ವಿನ್ಯಾಸ ದಾ-17 ಬಂದಿದೆ. ಎರಡು ಲೈಸೀನ್ ತೆಗೆದು ಅರ್ಜಿನೀನ್, ಒಂದು ಲ್ಯೂಸೀನ್ ತೆಗೆದು ಟ್ರಿಪ್ಟೊಫ್ಯಾನ್. ಅರ್ಜಿನೀನ್ ಫಾಸ್ಫೇಟನ್ನು ಎರಡು ಕೈಯಲ್ಲಿ ಹಿಡಿಯುತ್ತದೆ. ಬೋರಿನ ನೀರಿನಲ್ಲಿ 40ಕ್ಕೆ ಪ್ಲೇಟು ಖಾಲಿಯಾಯಿತು. ದಾ-18ರಲ್ಲಿ ಎರಡು ಟ್ರಿಪ್ಟೊಫ್ಯಾನ್ ಹಾಕಿದೆ, 20ಕ್ಕೇ ಕೊಂದಿತು, ಆದರೆ ಕಿತ್ತ ದಾಳಿಂಬೆ ಎಲೆ ಮೇಲೆ ಹನಿ ಇಟ್ಟರೆ ಮರುದಿನ ಕಂದು ಸುಟ್ಟ ಕಲೆ. ಅದನ್ನು ಬಿಟ್ಟೆ. ಸಿಟ್ರಿಕ್ ಆಸಿಡ್ ಸೇರಿಸಿಯೂ ನೋಡಿದೆವು, ಬರೀ ಸಿಟ್ರಿಕ್ ಆಸಿಡಿನ ಕಂಟ್ರೋಲ್ ಮಾಡುವವರೆಗೂ ಅಂಕಿ ಹೇಳುವುದಿಲ್ಲ.

ಮಾಳಿಗೆ ಮೇಲಿಂದ ಹಿಡಿದ ಮಳೆ ನೀರಿನಲ್ಲಿ ಹಳೆಯ ದಾ-14 ಕೂಡ 10ಕ್ಕೇ ಕೆಲಸ ಮಾಡಿತು. ಹಾಗಾದರೆ ಕೃಷಿ ಹೊಂಡದ ನೀರು ಸಾಕಲ್ಲ ಅಂತ ಅಪ್ಪ ಕೇಳಿದರು. ಗಡಸುತನ 90, ನನಗೂ ಆಸೆ ಆಯಿತು. ಹಾಕಿದರೆ ಮತ್ತೆ ರವೆ! ಹೊಂಡದ ನೀರಿನಲ್ಲಿ ಎರಿ ಮಣ್ಣು ತೇಲುತ್ತಿರುತ್ತದೆ. ಆ ಜೇಡಿಗೂ ಋಣ ಆವೇಶ, ಪೆಪ್ಟೈಡೆಲ್ಲ ಅದಕ್ಕೇ ಅಂಟಿಕೊಂಡಿತು. ಸೆಂಟ್ರಿಫ್ಯೂಜ್ ಮಾಡಿದ ತಿಳಿನೀರಿನಲ್ಲಿ ಮಾತ್ರ ಪ್ಲೇಟು ಖಾಲಿ. ಪಟಿಕ ಹಾಕಿ ತಿಳಿ ಮಾಡೋಣ ಅಂದರೆ ಅದರಲ್ಲಿ ಮೂರು ಆವೇಶದ ಅಲ್ಯೂಮಿನಿಯಂ ಇದೆ, ಬೇಡವೇ ಬೇಡ.

ಅದಕ್ಕೇ ಈಗ ನುಗ್ಗೆ ಬೀಜ. ಅದರಲ್ಲಿ ಧನ ಆವೇಶದ ಒಂದು ಚಿಕ್ಕ ಪ್ರೋಟೀನಿದೆ. ಕದಡಿದ ನೀರಿನ ಜೇಡಿಯನ್ನು ಹಿಡಿದು ತಳಕ್ಕೆ ಇಳಿಸುವುದು ಅದೇ, ಬ್ಯಾಕ್ಟೀರಿಯಾಗೂ ಅದು ಒಳ್ಳೆಯದಲ್ಲ. ಜೇಡಿಗೆ ಅದು ಅಂಟಿಕೊಂಡರೆ ನನ್ನ ಪೆಪ್ಟೈಡ್ ಉಳಿಯುತ್ತದೆ. ಹಿತ್ತಲಿನ ಗಿಡದಲ್ಲಿ ಒಣಗಿದ ಕಾಯಿ ಬೇಕಾದಷ್ಟು ಇವೆ. ಶನಿವಾರ ಪುಡಿ ಮಾಡಿ ಒಂದು ಬಕೆಟ್ ಹೊಂಡದ ನೀರಿಗೆ ಹಾಕುತ್ತೇನೆ. ತಿಳಿನೀರು ಲ್ಯಾಬಿಗೆ ಒಯ್ಯುವ ಮೊದಲು ಒಂದು ತಂಬಿಗೆ ತನಗೆ ಕೊಡಬೇಕು, ಬೇಳೆ ಹಾಕಿ ನೋಡುತ್ತೇನೆ ಅಂತ ಅವ್ವ ಹೇಳಿದ್ದಾಳೆ.