ವಕೀಲರ ಬೆಂಚಿನ ಮೇಲೆ ಒಂದು ಗಂಟೆ

ಜಾಗದ ಕರಾರು ತೋರಿಸಲು ಇವತ್ತು ಉಡುಪಿ ಕೋರ್ಟ್ ಹತ್ತಿರದ ವಕೀಲರ ಆಫೀಸಿಗೆ ಹೋಗಿದ್ದೆ. ಒಂದು ಗಂಟೆ ಕಾಯುವ ಕೆಲಸ. ಸುಮ್ನೆ ಕೂತೆ, ಕಿವಿ ಮಾತ್ರ ಸುಮ್ಮನಿರಲಿಲ್ಲ.

ಒಬ್ಬರದು ಹೆದ್ದಾರಿ 66ರ ಆಕ್ಸಿಡೆಂಟ್ ಪರಿಹಾರ. ಇನ್ನೊಬ್ಬರದು ಚೆಕ್ ಬೌನ್ಸ್. ಬ್ಯಾಂಕಿನಿಂದ ಸುದ್ದಿ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು, ಇವರು ಬಂದದ್ದು 28ನೇ ದಿನ!

ಆಮೇಲೆ ಪಾಲಿನ ಕೇಸಿನ ಅಜ್ಜಿ. ಅಳಿಯಸಂತಾನದ ಮನೆ, ಅಂದರೆ ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುವ ಪದ್ಧತಿ. ಮನೆಯ ದೈವಕ್ಕೆ, ಅಂದರೆ ಭೂತಕ್ಕೆ, ಪೂಜೆ ಮಾಡುವ ಕೋಣೆಯೂ ಅಲ್ಲಿದೆ. 1949ರ ಮದ್ರಾಸ್ ಕಾಯ್ದೆ, ಅದರ ಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ವಕೀಲರು ಅರ್ಧ ತುಳು, ಅರ್ಧ ಕನ್ನಡದಲ್ಲಿ ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದರು ಅಂದರೆ ನನಗೂ ಅರ್ಥವಾಯಿತು. ಎಲ್ಲಾ ಕೇಳಿದ ಅಜ್ಜಿಯದು ಒಂದೇ ಪ್ರಶ್ನೆ: "ಭೂತದ ಕೋಣೆ ಯಾರ ಪಾಲಿಗೆ?"

ವಕೀಲರು ಕನ್ನಡಕ ತೆಗೆದು ಒರೆಸತೊಡಗಿದರು. ನನ್ನ ಕರಾರು ನಾಳೆಗೆ ಹೋಯಿತು.