ಸ್ಟ್ರೆಪ್ಟೊಮೈಸಿಸ್ ಜೀನೋಮಿನಲ್ಲಿ ಹೊಸ ಮದ್ದು ಹುಡುಕುವ ಬಗೆ

ಮೊದಲ ಮಳೆಗೆ ಮಣ್ಣು ಘಮ್ಮೆನ್ನಲು ಜಿಯೋಸ್ಮಿನ್ ಎಂಬ ರಾಸಾಯನಿಕ ಒಂದು ಮುಖ್ಯ ಕಾರಣ. ಅದನ್ನು ತಯಾರಿಸುವ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾಗಳೇ ನಮಗೆ ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ನಿಸ್ಟಾಟಿನ್ ಎಂಬ ಮದ್ದುಗಳನ್ನೂ ಕೊಟ್ಟವು. ಮಣ್ಣು ತಂದು, ಪ್ಲೇಟಿನಲ್ಲಿ ಬೆಳೆಸಿ, ಸುತ್ತಲಿನ ರೋಗಾಣು ಸತ್ತಿದೆಯೇ ಎಂದು ನೋಡುವ ಹಳೆಯ ಪದ್ಧತಿಯಲ್ಲಿ ಬರಬರುತ್ತಾ ಸಿಕ್ಕಿದ್ದೇ ಮತ್ತೆ ಸಿಗತೊಡಗಿತು. ಎಷ್ಟು ಕೈತಪ್ಪಿ ಹೋಗಿತ್ತು ಎಂಬುದು ಗೊತ್ತಾಗಿದ್ದು 2002ರಲ್ಲಿ, ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್ ಎ3(2) ತಳಿಯ ಜೀನೋಮ್ ಪ್ರಕಟವಾದಾಗ. 86 ಲಕ್ಷಕ್ಕೂ ಹೆಚ್ಚು ಅಕ್ಷರಗಳ ಆ ಡಿಎನ್‌ಎಯಲ್ಲಿ ಇಂಥ ರಾಸಾಯನಿಕಗಳನ್ನು ಕಟ್ಟುವ ಜೀನ್ ಗುಂಪುಗಳು 20ಕ್ಕೂ ಹೆಚ್ಚು ಇದ್ದವು. ದಶಕಗಳಿಂದ ಲ್ಯಾಬುಗಳಲ್ಲಿ ಬೆಳೆಸುತ್ತಿದ್ದ ಈ ತಳಿಯಲ್ಲಿ ಅಲ್ಲಿಯವರೆಗೆ ಕೈಗೆ ಸಿಕ್ಕಿದ್ದವು ಬೆರಳೆಣಿಕೆಯಷ್ಟು ಮಾತ್ರ.

ಒಂದು ರಾಸಾಯನಿಕಕ್ಕೆ ಬೇಕಾದ ಜೀನ್‌ಗಳು ಬ್ಯಾಕ್ಟೀರಿಯಾದಲ್ಲಿ ಸಾಮಾನ್ಯವಾಗಿ ಅಕ್ಕಪಕ್ಕದಲ್ಲೇ ಇರುತ್ತವೆ. ಅಣುವನ್ನು ಕಟ್ಟುವವು, ಹೊರಗೆ ಸಾಗಿಸುವವು, ತಯಾರಿಸಿದ ಜೀವಿಯನ್ನೇ ಆ ವಿಷದಿಂದ ಕಾಪಾಡುವವು, ಎಲ್ಲವೂ ಒಂದೇ ಕೇರಿಯಲ್ಲಿ. ಈ ಗುಂಪಿಗೆ ಕ್ಲಸ್ಟರ್ ಎನ್ನುತ್ತಾರೆ. ಜೀನೋಮ್ ಓದಿ ಹುಡುಕುವುದು ಸಾಧ್ಯವಾಗಿರುವುದೇ ಇದರಿಂದ.

ಜೀನೋಮ್ ಓದಿಸುವಾಗ ಹಣ ಉಳಿಸಲು ಚಿಕ್ಕ ತುಣುಕುಗಳ ಸೀಕ್ವೆನ್ಸಿಂಗ್ (ಡಿಎನ್‌ಎ ಅಕ್ಷರ ಓದುವುದು) ಒಂದನ್ನೇ ಮಾಡಿಸಬೇಡಿ. ಪಾಲಿಕೀಟೈಡ್ (ಚಿಕ್ಕ ಇಂಗಾಲದ ತುಣುಕುಗಳನ್ನು ಒಂದಕ್ಕೊಂದು ಜೋಡಿಸಿ ಕಟ್ಟುವ ಅಣು) ಕ್ಲಸ್ಟರ್‌ಗಳಲ್ಲಿ ಹೆಚ್ಚುಕಡಿಮೆ ಒಂದೇ ಥರದ ಭಾಗಗಳು ಸಾಲಾಗಿ ಬರುತ್ತವೆ. ಚಿಕ್ಕ ತುಣುಕುಗಳನ್ನು ಜೋಡಿಸುವ ಪ್ರೋಗ್ರಾಮ್ ಅಲ್ಲೇ ಎಡವುತ್ತದೆ. ನಮಗೆ ಬೇಕಾದ ಕ್ಲಸ್ಟರೇ ನಾಲ್ಕು ಚೂರಾಗಿ ಕೈಗೆ ಬರುತ್ತದೆ. ಉದ್ದ ತುಣುಕು ಓದಿಸಬೇಕೆಂದರೆ ಡಿಎನ್‌ಎ ಉದ್ದವಾಗಿಯೇ ಉಳಿದಿರಬೇಕು: ನೂಲಿನಂತೆ ಬೆಳೆಯುವ ಈ ಬ್ಯಾಕ್ಟೀರಿಯಾದ ಎಳೆಯ ಎಳೆಗಳನ್ನು ತೆಗೆದುಕೊಳ್ಳಿ, ಕೋಶದ ಗೋಡೆ ಕರಗಿಸುವ ಲೈಸೊಜೈಮ್ ಜೊತೆ 37 ಡಿಗ್ರಿಯಲ್ಲಿ ಅರ್ಧದಿಂದ ಒಂದು ಗಂಟೆ ಇಡಿ, ಆಮೇಲೆ ಜೋರಾಗಿ ಅಲುಗಾಡಿಸುವ ವೋರ್ಟೆಕ್ಸ್ ಯಂತ್ರದ ಮೇಲೆ ಹಿಡಿಯಲೇಬೇಡಿ.

ಆ್ಯಂಟಿಸ್ಮ್ಯಾಶ್ ಪ್ರೋಗ್ರಾಮಿಗೆ ಜೀನೋಮ್ ಕೊಟ್ಟರೆ ಕ್ಲಸ್ಟರ್‌ಗಳ ಪಟ್ಟಿ ಬರುತ್ತದೆ, ಪಕ್ಕದಲ್ಲಿ ತಿಳಿದಿರುವ ಕ್ಲಸ್ಟರ್‌ಗಳೊಂದಿಗೆ ಹೋಲಿಕೆಯ ಅಂದಾಜು ಇರುತ್ತದೆ. ಹೊಸಬರು ಮೋಸ ಹೋಗುವುದು ಇಲ್ಲಿಯೇ. ಆ ಅಂದಾಜು ಹೇಳುವುದು ಎಷ್ಟು ಜೀನ್‌ಗಳು ಹೋಲುತ್ತವೆ ಎಂಬುದನ್ನು. ಅಣುಗಳು ಎಷ್ಟು ಹೋಲುತ್ತವೆ ಎಂಬುದನ್ನಲ್ಲ. ಕ್ಲಸ್ಟರಿನ ಗಡಿಯನ್ನೂ ಅದು ಧಾರಾಳವಾಗಿ ಎಳೆದಿರುವುದರಿಂದ ಅಂಚಿನಲ್ಲಿ ಸಂಬಂಧವಿಲ್ಲದ ಜೀನ್‌ಗಳು ಸೇರಿರುತ್ತವೆ. ಯಾವುದನ್ನು ಆರಿಸಿಕೊಳ್ಳಬೇಕು ಎಂದರೆ, ನನ್ನ ಮಟ್ಟಿಗೆ ಒಳ್ಳೆಯ ಸುಳಿವು ಸ್ವರಕ್ಷಣೆಯ ಜೀನ್. ನೊವೊಬಯೋಸಿನ್ ಎಂಬ ಆ್ಯಂಟಿಬಯಾಟಿಕ್‌ನ ಕ್ಲಸ್ಟರಿನ ಒಳಗೆ ಗೈರೇಸ್ ಬಿ (ಡಿಎನ್‌ಎಯ ಸುರುಳಿ ನಿಭಾಯಿಸುವ ಕಿಣ್ವದ ಭಾಗ) ಜೀನಿನ ಇನ್ನೊಂದು ಪ್ರತಿ ಇದೆ, ಮದ್ದಿಗೆ ಜಗ್ಗದ ಪ್ರತಿ. ನೊವೊಬಯೋಸಿನ್ ಹೊಡೆಯುವುದು ಗೈರೇಸ್ ಬಿಯನ್ನೇ. ಬದುಕಿಗೆ ಅನಿವಾರ್ಯವಾದ ಜೀನ್ ಒಂದು ಕ್ಲಸ್ಟರಿನೊಳಗೆ ಎರಡನೇ ಸಲ ಕಂಡರೆ ಅಲ್ಲಿ ನಿಂತು ನೋಡಿ.

ಜೀನ್ ನೋಡಿ ಅಣುವನ್ನು ಊಹಿಸುವುದಕ್ಕೂ ಮಿತಿಯಿದೆ. ಸೀಲಿಕಲರ್‌ನ ಸೀಲಿಕೆಲಿನ್ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. 2000ದಲ್ಲಿ ಜೀನ್ ಓದಿ, ಇದು ಕಬ್ಬಿಣ ಹಿಡಿಯುವ ಮೂರು ಅಮೈನೋ ಆಮ್ಲಗಳ ಸರಪಣಿ ಎಂದು ಊಹಿಸಿದ್ದರು, ಏಕೆಂದರೆ ಅದನ್ನು ಕಟ್ಟುವ ಕಿಣ್ವದಲ್ಲಿ ಇರುವುದು ಮೂರೇ ಘಟಕ. 2005ರಲ್ಲಿ ಅಣು ಕೈಗೆ ಬಂದಾಗ ಅಮೈನೋ ಆಮ್ಲಗಳು ನಾಲ್ಕಿದ್ದವು: ಒಂದನ್ನು ಕಿಣ್ವ ಎರಡು ಸಲ ಸೇರಿಸುತ್ತದೆ. ಕಬ್ಬಿಣ ಹಿಡಿಯುತ್ತದೆ ಎಂಬ ಊಹೆ ಮಾತ್ರ ಸರಿಯಾಗಿತ್ತು. ದಾರಿ ತೋರಿಸಿದ್ದೂ ಅದೇ: ಕಬ್ಬಿಣ ಕಡಿಮೆ ಇರುವ ಮಾಧ್ಯಮದಲ್ಲಿ ಬೆಳೆಸಿ, ಮುಖ್ಯ ಜೀನ್ ಕೆಡಿಸಿದ ತಳಿಯನ್ನು ಮೂಲ ತಳಿಯ ಪಕ್ಕ ಇಟ್ಟು, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಪೀಕ್ (ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರದ ಗ್ರಾಫಿನಲ್ಲಿ ಅಣುವಿಗೆ ಏಳುವ ಏರು) ಹುಡುಕಿದರು. ಕಬ್ಬಿಣ ಹಿಡಿಯುವ ಅಣು ಇದೆಯೇ ಎಂದು ಬಣ್ಣದಿಂದ ತೋರಿಸುವ ಪರೀಕ್ಷೆಯೊಂದೇ ಇಲ್ಲಿ ಸಾಲದು. ಇದೇ ಜೀವಿ ಡೆಸ್‌ಫೆರಿಯೊಕ್ಸಮೈನ್ ಕೂಡ ಸುರಿಸುತ್ತದೆ, ಅದೂ ಕಬ್ಬಿಣ ಹಿಡಿಯುತ್ತದೆ. ಮೇಲಿಂದ ಮೇಲೆ ರಕ್ತ ಹಾಕಿಸಿಕೊಳ್ಳುವ ತಲಸ್ಸೀಮಿಯಾ ರೋಗಿಗಳ ಮೈಯಿಂದ ಹೆಚ್ಚಾದ ಕಬ್ಬಿಣ ತೆಗೆಯಲು ಕೊಡುವ ಮದ್ದು ಇದೇ ಡೆಸ್‌ಫೆರಿಯೊಕ್ಸಮೈನ್ ಬಳಗದ್ದು.

ಕ್ಲಸ್ಟರ್ ಎಚ್ಚರಗೊಳ್ಳದಿದ್ದರೆ? ಮೊದಲು ಐದಾರು ಬೇರೆ ಬೇರೆ ಮಾಧ್ಯಮಗಳಲ್ಲಿ ಬೆಳೆಸಿ ನೋಡಿ. ಆಮೇಲೆ ಸ್ಟ್ರೆಪ್ಟೊಮೈಸಿನ್ ಹಾಕಿದ ಅಗರ್ ಮೇಲೆ ಕೋಟಿಗಟ್ಟಲೆ ಸ್ಪೋರ್ (ಬೀಜಕಣ) ಹರಡಿ, ಬದುಕುಳಿದವನ್ನು ಎತ್ತಿ. ಅವುಗಳಲ್ಲಿ, ಪ್ರೋಟೀನು ಕಟ್ಟುವ ರೈಬೋಸೋಮಿನ ಎಸ್12 ಪ್ರೋಟೀನು ಬದಲಾದ ಕೆಲವು ತಳಿಗಳು ಮಲಗಿದ್ದ ಕ್ಲಸ್ಟರ್‌ಗಳನ್ನು ಬಳಸತೊಡಗುತ್ತವೆ. ಸ್ಟ್ರೆಪ್ಟೊಮೈಸಿಸ್ ಲಿವಿಡನ್ಸ್‌ನಲ್ಲಿ ಇದು ಕಣ್ಣಿಗೇ ಕಾಣುತ್ತದೆ: ಸಪ್ಪೆ ಕಾಲೊನಿಯ ಅಡಿಯಿಂದ ಆಕ್ಟಿನೊರೋಡಿನ್ ಎಂಬ ಆ್ಯಂಟಿಬಯಾಟಿಕ್‌ನ ನೀಲಿ ಅಗರ್‌ಗೆ ಇಳಿಯುತ್ತದೆ. ಆಮ್ಲದಲ್ಲಿ ಅದು ಕೆಂಪು. ಮುಚ್ಚಳದೊಳಗೆ ಒಂದು ತೊಟ್ಟು ಅಮೋನಿಯಾ ಇಟ್ಟರೆ ನೀಲಿಗೆ ತಿರುಗುತ್ತದೆ.

ಇಷ್ಟಕ್ಕೂ ಜಗ್ಗದಿದ್ದರೆ ಕ್ಲಸ್ಟರನ್ನೇ ವೆಕ್ಟರ್ ಎಂಬ ಸಾಗಣೆಯ ಡಿಎನ್‌ಎಗೆ ಸೇರಿಸಿ ಬೇರೆ ಮನೆಗೆ, ಅಂದರೆ ಬೇರೆ ಬ್ಯಾಕ್ಟೀರಿಯಾಕ್ಕೆ, ಸಾಗಿಸಬೇಕು. ತನ್ನ ನಾಲ್ಕು ಕ್ಲಸ್ಟರ್ ಕಳೆದುಕೊಂಡ ಸೀಲಿಕಲರ್ ಎಂ1152 ತಳಿ ಇದಕ್ಕೆ ಹೇಳಿ ಮಾಡಿಸಿದಂತಿದೆ, ಹಿನ್ನೆಲೆಯ ಪೀಕ್‌ಗಳ ಗದ್ದಲ ಕಡಿಮೆ. ಸೀಲಿಕಲರ್ ಮೀಥೈಲ್ ಎಂಬ ರಾಸಾಯನಿಕ ಗುರುತಿರುವ ಡಿಎನ್‌ಎಯನ್ನು ಕತ್ತರಿಸಿ ಹಾಕುವುದರಿಂದ, ಆ ಗುರುತು ಹಾಕಲಾಗದ ಇಟಿ12567/ಪಿಯುಝಡ್8002 ಎಂಬ ಇ. ಕೋಲೈ ಬ್ಯಾಕ್ಟೀರಿಯಾ ತಳಿಯ ಮೂಲಕವೇ ದಾಟಿಸಬೇಕು. ಆ ಇ. ಕೋಲೈಯನ್ನು ಓಡಿ (ದ್ರವದ ಮಬ್ಬಿನ ಅಳತೆ) 0.4–0.6ರವರೆಗೆ ಬೆಳೆಸಿ, ಎರಡು ಸಲ ಎಲ್‌ಬಿ ಎಂಬ ಪೋಷಕ ದ್ರವದಲ್ಲಿ ತೊಳೆಯಿರಿ. ತೊಳೆಯದೆ ಬಿಟ್ಟರೆ ಬೆಳೆಸಿದ ದ್ರವದಿಂದ ಉಳಿದ ಆ್ಯಂಟಿಬಯಾಟಿಕ್ ಸ್ಪೋರ್‌ಗಳನ್ನು ಕೊಲ್ಲುತ್ತದೆ. ಎಂ1152ರ ಸುಮಾರು 10 ಕೋಟಿ ಸ್ಪೋರ್‌ಗಳನ್ನು 50 ಡಿಗ್ರಿಯಲ್ಲಿ 10 ನಿಮಿಷ ಬಿಸಿ ಮಾಡಿ, ತಣ್ಣಗಾಗಿಸಿ, ಇ. ಕೋಲೈ ಜೊತೆ ಬೆರೆಸಿ. ಹರಡುವ ಅಗರ್‌ಗೆ ಲೀಟರಿಗೆ 20 ಗ್ರಾಂ ಸೋಯಾ ಹಿಟ್ಟು, 20 ಗ್ರಾಂ ಮ್ಯಾನಿಟಾಲ್, 20 ಗ್ರಾಂ ಅಗರ್, ಜೊತೆಗೆ 10 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್. 30 ಡಿಗ್ರಿಯಲ್ಲಿ 16ರಿಂದ 20 ಗಂಟೆ ಕಳೆದ ಮೇಲೆ, 0.5 ಮಿ.ಗ್ರಾಂ ನಾಲಿಡಿಕ್ಸಿಕ್ ಆಮ್ಲ ಮತ್ತು 1 ಮಿ.ಗ್ರಾಂ ಅಪ್ರಾಮೈಸಿನ್ ಇರುವ 1 ಮಿ.ಲೀ. ನೀರನ್ನು ಪ್ಲೇಟಿನ ಮೇಲೆ ಹರಡಿ. ಮೊದಲನೆಯದು ಇ. ಕೋಲೈಯನ್ನು ಕೊಲ್ಲಲು, ಎರಡನೆಯದು ಕ್ಲಸ್ಟರ್ ಸೇರದ ಸ್ಪೋರ್‌ಗಳನ್ನು ಕೊಲ್ಲಲು: ಅಪ್ರಾಮೈಸಿನ್ ತಡೆಯುವ ಜೀನ್ ವೆಕ್ಟರಿನಲ್ಲಿರುತ್ತದೆ. ತಡಮಾಡಿದರೆ ಕ್ಲಸ್ಟರ್ ಸೇರದವೂ ಬೆಳೆದು ಪ್ಲೇಟ್ ಪೂರ್ತಿ ಮುಚ್ಚಿಕೊಳ್ಳುತ್ತವೆ.

ಪಕ್ಕದಲ್ಲೇ ಇನ್ನೊಂದು ಪ್ಲೇಟ್ ಇರಲಿ, ಕ್ಲಸ್ಟರ್ ಇಲ್ಲದ ಖಾಲಿ ವೆಕ್ಟರ್ ಸೇರಿಸಿದ್ದು. ಅದರಲ್ಲೂ ಅದೇ ಪೀಕ್ ಬಂದರೆ ಅದು ನಿಮ್ಮ ಕ್ಲಸ್ಟರಿನದಲ್ಲ, ಸೀಲಿಕಲರ್‌ನದೇ.